ಹೂವಿನಣ್ಣ ನುಂಗಿದ ಮಾತ್ರೆ

ಮೊನ್ನೆ ಅರಸೀಕೆರೆಯ ಸಂತೆಯ ಮೂಲೆಯಲ್ಲಿ ಹೂ ಮಾರುವ ಹೆಂಗಸೊಬ್ಬಳು ತಗಡಿನ ಡಬ್ಬದಲ್ಲಿ ಬಾಳೆನಾರು ನೆನೆಹಾಕಿಕೊಂಡು ಕೂತಿದ್ದಳು. ಈಗೆಲ್ಲ ನೂಲಿನಲ್ಲೇ ಕಟ್ಟುತ್ತಾರೆ. ನಾರು ಕಂಡು ನಾನು ನಿಂತುಬಿಟ್ಟೆ. ನೆಂದ ನಾರಿನದು ಹೇಳಿಕೊಳ್ಳುವಂಥ ಪರಿಮಳವೇನಲ್ಲ, ಅರ್ಧ ಹಸಿ, ಅರ್ಧ ಕೊಳೆತ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ಬೇಲೂರಿನ ಆ ಜಗಲಿ, ತೇವದ ಬುಟ್ಟಿ, ಚಕ್ಕಳಮಕ್ಕಳ ಹಾಕಿ ಕೂತ ಹೂವಿನಣ್ಣ... ಎಲ್ಲ ಎದುರಿಗೆ ಬಂದವು. "ಹೂವ ಬೇಕಾ ತಾತ?" ಎಂದಳು. ಬೇಡವೆಂದು ತಲೆಯಾಡಿಸಿ ಮುಂದೆ ನಡೆದೆ.

ಐವತ್ತರ ದಶಕದ ಕೊನೆಯ ಮಾತು. ನಾನು ಬೇಲೂರಿನ ತಾಲ್ಲೂಕು ಕಚೇರಿಗೆ ಹೊಸದಾಗಿ ಬಂದ ಗುಮಾಸ್ತ. ಮದುವೆಯಾಗಿರಲಿಲ್ಲ. ಊಟಕ್ಕೆ ಹೋಟೆಲು, ಮಲಗಲು ದೇವಸ್ಥಾನದ ಹಿಂದಿನ ಬೀದಿಯಲ್ಲೊಂದು ಬಾಡಿಗೆ ಕೋಣೆ. ಆ ಮನೆಯಲ್ಲಿದ್ದವರು ಇಬ್ಬರೇ. ದೇವರಿಗೆ ಹಾರ ಕಟ್ಟುವವರೊಬ್ಬರು, ಅವರನ್ನು ಚಿಕ್ಕಂದಿನಿಂದ ಸಾಕಿದ ವಿಧವೆ ಅಕ್ಕ. ಬೀದಿಗೆಲ್ಲ ಅವರು ಹೂವಿನಣ್ಣ, ಆಕೆ ಅಕ್ಕಯ್ಯ. ನನಗೂ ಹಾಗೇ ಆದರು.

ಹೂವಿನಣ್ಣ ಹಾರ ಕಟ್ಟುವುದನ್ನು ನೋಡುತ್ತ ನಾನು ಎಷ್ಟೋ ಬೆಳಿಗ್ಗೆ ಕಚೇರಿಗೆ ತಡವಾಗಿ ಹೋಗಿ ಶಿರಸ್ತೇದಾರರಿಂದ ಬೈಸಿಕೊಂಡಿದ್ದೇನೆ. ಬೆರಳುಗಳು ಅಷ್ಟು ಸಲೀಸಾಗಿ ಓಡುತ್ತಿದ್ದವು. ಮಲ್ಲಿಗೆಯ ಮಗ್ಗುಲಲ್ಲಿ ಮರುಗ, ನಡುವೆ ಕನಕಾಂಬರ, ಒಂದು ಎಸಳೂ ನಲುಗುತ್ತಿರಲಿಲ್ಲ. ಅವರಲ್ಲೊಂದು ಕಟ್ಟುನಿಟ್ಟಿತ್ತು. ದೇವರಿಗೆಂದು ಆಯ್ದ ಹೂವನ್ನು ಮೂಸಬಾರದು, ಮೂಸಿದರೆ ಎಂಜಲಾದಂತೆ. ಅದಕ್ಕೇ ಕಟ್ಟುವಾಗ ಮುಖ ಸ್ವಲ್ಪ ಓರೆ ಮಾಡಿಕೊಳ್ಳುತ್ತಿದ್ದರು. "ಹೂವಿನ ಮೇಲೆ ಕೋಪವೇನ್ರೀ?" ಎಂದು ನಾನು ಛೇಡಿಸಿದರೆ ಸದ್ದಿಲ್ಲದೆ ನಗುತ್ತಿದ್ದರು.

ಕಾಯಿಲೆ ಶುರುವಾದದ್ದೂ ಅಲ್ಲಿಂದಲೇ. ಒಂದು ದಿನ ಮೂಗಿಗೆ ಒದ್ದೆ ವಸ್ತ್ರ ಕಟ್ಟಿಕೊಂಡು ಕೂತರು. ಮಡಿ ಹೆಚ್ಚಾಯಿತು ಅಂದುಕೊಂಡೆವು. ಆಮೇಲೆ ಉಸಿರು ಬಿಗಿಹಿಡಿದು ಕಟ್ಟತೊಡಗಿದರು, ಮುಖ ಕೆಂಪೇರಿ ಕೆಮ್ಮಿ ಕೆಮ್ಮಿ ಬೀಳುವವರೆಗೆ. ಕಟ್ಟಿದ ಹಾರವನ್ನು ತಾವೇ ಹರಿದು ಹಾಕುವರು. ಕೇಳಿದರೆ, "ಗೋಡೆ ಆಚೆಯಿಂದ ಹೇಳ್ತಾರೆ ಕಣ್ರೀ, ಮೂಸ್ದ, ಮೂಸ್ದ ಅಂತ. ಬೆಳಗಿಂದ ಒಂದೇ ಸಮ..." ಎಂದರು. ಗೋಡೆಯ ಆಚೆ ಇದ್ದದ್ದು ಹಿತ್ತಿಲಿನ ನುಗ್ಗೆಮರ ಮಾತ್ರ.

ಊಟ ಬಿಟ್ಟರು. ತುಂಬಿದ ಬುಟ್ಟಿಯನ್ನು ಕೆರೆಗೆ ಸುರಿದು ಬಂದರು. ಬೀದಿಯವರು ಗಾಳಿ ಸೋಕಿದೆ ಎಂದರು, ತಾಯತ ಕಟ್ಟಿಸಿದರು. ಹಾರದ ಕೆಲಸಕ್ಕೆ ಬೇರೆಯವರನ್ನು ನೋಡಬೇಕು ಎಂಬ ಮಾತು ದೇವಸ್ಥಾನದಲ್ಲಿ ಎದ್ದಿತು. ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಸೇರಿಸಿ ಎಂದರೆ ಅಕ್ಕಯ್ಯ ಒಪ್ಪುತ್ತಿರಲಿಲ್ಲ. ಅಲ್ಲಿಗೆ ಹೋದವರು ಮನೆಗೆ ಮರಳುವುದಿಲ್ಲ ಎಂಬುದು ಆಗ ಎಲ್ಲರ ನಂಬಿಕೆ. ಆಸ್ಪತ್ರೆಯ ಕಂಬಿಯ ಹಿಂದೆ ತಮ್ಮ ಮುದುಕನಾಗುವುದು ಆಕೆಯ ಕಣ್ಣಿಗೆ ಕಟ್ಟಿಬಿಟ್ಟಿತ್ತು. ಕೊನೆಗೆ ನಾನೇ ರಜೆ ಹಾಕಿ, ಇಬ್ಬರನ್ನೂ ಬಸ್ಸಿನಲ್ಲಿ ಅರಸೀಕೆರೆಗೆ ಕರೆತಂದು ರೈಲು ಹತ್ತಿಸಿಕೊಂಡು ಬೆಂಗಳೂರಿಗೆ ಹೋದೆ.

ಅಲ್ಲಿನ ಡಾಕ್ಟರು ತಾಳ್ಮೆಯ ಮನುಷ್ಯ. ಹೊಸದಾಗಿ ಬಂದ ಒಂದು ಮಾತ್ರೆ ಶುರುಮಾಡಿದರು. ಅದರ ಹೆಸರು ಕ್ಲೋರ್‌ಪ್ರೊಮಜಿನ್ ಎಂದು ನನಗೆ ಎಷ್ಟೋ ಕಾಲದ ಮೇಲೆ ತಿಳಿಯಿತು. ಕೆಲವು ವಾರ ಅಲ್ಲೇ ಇಟ್ಟುಕೊಂಡರು. ನೋಡಲು ಹೋದಾಗ ಹೂವಿನಣ್ಣ ಅನ್ನ ಕಲಸಿ ಉಣ್ಣುತ್ತಿದ್ದರು. "ಈಗಲೂ ಹೇಳ್ತಾರಾ?" ಎಂದೆ. "ಹೇಳ್ತಾರೆ, ಆದ್ರೆ ಪಕ್ಕದ ಬೀದೀಲಿ," ಎಂದರು. ಅಕ್ಕಯ್ಯ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಂಬಿಯ ಹಿಂದಿನಿಂದ ಹೂವಿನಣ್ಣ ಮನೆಗೆ ಬಂದೇ ಬಂದರು.

ಬಂದವರು ಹೋದವರ ಹಾಗಿರಲಿಲ್ಲ. ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಬಿಸಿಲಿಗೆ ಸ್ವಲ್ಪ ಹೋದರೂ ಮುಖ, ಕೈ ಸುಟ್ಟಂತೆ ಕೆಂಪಾಗುತ್ತಿತ್ತು. ಇವೆಲ್ಲ ಆಗಬಹುದು, ನಿಧಾನವಾಗಿ ಏಳಬೇಕು, ಬಿಸಿಲಿಗೆ ಕೊಡೆ ಹಿಡಿಯಬೇಕು ಎಂದು ಡಾಕ್ಟರು ಹೇಳಿದ್ದರು. ನಮಗೆ ಸಂಕಟವಾದದ್ದು ಬೆರಳುಗಳಿಂದ. ಅವು ಮರಗಟ್ಟಿದಂತಾಗಿ ನಡುಗುತ್ತಿದ್ದವು. ಗಂಟು ಹಾಕುವಷ್ಟರಲ್ಲಿ ಮಲ್ಲಿಗೆ ಜಾರಿ ಮಡಿಲಿಗೆ ಬೀಳುತ್ತಿತ್ತು. ನಗು ಕೂಡ ಮುಖಕ್ಕೆ ಬರುವ ಮೊದಲೇ ನಿಂತುಬಿಡುತ್ತಿತ್ತು. ಒಂದು ದಿನ ಬುಟ್ಟಿಯನ್ನು ದೂರ ತಳ್ಳಿ, "ಕೈ ನಂದಲ್ಲ ಅಕ್ಕ" ಎಂದು ಮಗುವಿನ ಹಾಗೆ ಅತ್ತರು. ಆ ಹೊತ್ತು ನನಗೂ ಆ ಮಾತ್ರೆಯ ಮೇಲೆ ಸಿಟ್ಟು ಬಂತು.

ಆಮೇಲೆ ಏಕಾದಶಿ ಬಂತು. ಅಕ್ಕಯ್ಯನ ಏಕಾದಶಿ ಎಂದರೆ ಹನಿ ನೀರೂ ಇಲ್ಲ. ಮನೆಯ ದೇವರ ನೈವೇದ್ಯಕ್ಕೇ ಅನ್ನ ಇಲ್ಲದ ದಿನ ತಮ್ಮನ ಬಾಯಿಗೆ ಯಾರೋ ಎಲ್ಲೋ ಮಾಡಿದ ಮಾತ್ರೆ ಹಾಕುವುದು ಹೇಗೆ? ಬಿಟ್ಟರು. ಮಾರನೆಯ ದಿನ ದ್ವಾದಶಿ, ಮಡಿಯ ಗಡಿಬಿಡಿ, ಅಂದೂ ಮರೆಯಿತು. ಮತ್ತೆರಡು ದಿನ ಹಾಗೇ ಹೋದವು. ಆಗಲೇ ಹೂವಿನಣ್ಣನ ಬೆರಳು ಸ್ವಲ್ಪ ಸಡಿಲವಾದಂತೆ ಕಂಡಿತು. ಅಕ್ಕಯ್ಯ ದೇವಸ್ಥಾನದ ಗೋಪುರಕ್ಕೆ ಅಲ್ಲಿಂದಲೇ ಕೈಮುಗಿದರು. "ಉಪವಾಸಕ್ಕೆ ಸ್ವಾಮಿ ಕಣ್ಣುಬಿಟ್ಟ ಕಣಪ್ಪ. ಕೈ ಸರಿಮಾಡಿದವನೇ ತಲೇನೂ ಕಾಯ್ತಾನೆ," ಎಂದು ಮಾತ್ರೆಯ ಸೀಸೆಯನ್ನು ಅಟ್ಟದ ಮೇಲಿಟ್ಟರು. ಧನುರ್ಮಾಸವಿಡೀ ಮಾತ್ರೆ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತರು.

ಎಂಥ ಧನುರ್ಮಾಸ ಅದು! ಚಳಿಗೆ ನಾವೆಲ್ಲ ಕಂಬಳಿಯೊಳಗೆ ಮುದುಡಿದ್ದರೆ ಹೂವಿನಣ್ಣ ಹಾರದ ಮೇಲೆ ಹಾರ ಕಟ್ಟಿದರು. ನಗು ಮುಖಕ್ಕೆ ಮರಳಿತು. ದರ್ಶನಕ್ಕೆ ಬಂದವರು ಇಂಥ ಹಾರ ಕಂಡಿಲ್ಲ ಎಂದರು. ನಾನೂ ನಂಬಿದೆ, ಸುಳ್ಳೇಕೆ ಹೇಳಲಿ, ಅಕ್ಕಯ್ಯನಿಗಿಂತ ಹೆಚ್ಚಾಗಿಯೇ ನಂಬಿದೆ. ಆ ಬೆರಳುಗಳನ್ನು ನೋಡಿದವರು ಯಾರು ತಾನೇ ನಂಬುತ್ತಿರಲಿಲ್ಲ...

ಸಂಕ್ರಾಂತಿ ಹತ್ತಿರ ಬರುವಾಗ ಮೂಗಿಗೆ ಮತ್ತೆ ವಸ್ತ್ರ ಬಂತು. ಎರಡು ದಿನ ಬಿಟ್ಟು ಮನುಷ್ಯನೇ ಕಾಣೆ. ಮಧ್ಯಾಹ್ನ ಹಳೇಬೀಡಿನ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ಕಚೇರಿಯ ಬಾಗಿಲಿಗೇ ಬಂದು, "ನಿಮ್ ಹೂವಿನೋರು ಹಳೇಬೀಡ್ ಕೆರೆತಾವ ನೀರಾಗ್ ನಿಂತವ್ರೆ ಸ್ವಾಮಿ, ಕರದ್ರೆ ಬರಾಕಿಲ್ಲ ಅಂತಾರೆ," ಎಂದ. ಅದೇ ಬಸ್ಸು ತಿರುಗಿ ಹೊರಟಾಗ ಅಕ್ಕಯ್ಯನನ್ನೂ ಕರೆದುಕೊಂಡು ಹೋದೆ.

ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದರು. ಎರಡೂ ಮೂಗಿನ ಹೊಳ್ಳೆಗೆ ಬಾಳೆನಾರಿನ ಉಂಡೆ ತುರುಕಿಕೊಂಡು ಬಾಯಲ್ಲಿ ಉಸಿರಾಡುತ್ತ ಒಂದೊಂದೇ ಹೂವನ್ನು ತೊಳೆಯುತ್ತಿದ್ದರು. ತುಟಿ ನೀಲಿಗಟ್ಟಿತ್ತು. ಕಾಲಿನ ಹಿಂದೆಯೇ ಆಳವಿತ್ತು. ಅಕ್ಕಯ್ಯ ಉಟ್ಟ ಸೀರೆಯಲ್ಲೇ ನೀರಿಗಿಳಿದರು. "ಬಾರೋ ಕಂದ, ನೀನು ಮೂಸಿಲ್ಲ. ನಾನು ನೋಡ್ತಾನೇ ಇದ್ದೆ, ನೀನು ಯಾವತ್ತೂ ಮೂಸಿಲ್ಲ," ಎನ್ನುತ್ತ ಕೈಹಿಡಿದರು. ಎಷ್ಟೋ ಹೊತ್ತು ಹಾಗೇ ನಿಂತಿದ್ದು, ಆಮೇಲೆ ಅವರು ಆಕೆಯ ಹಿಂದೆ ದಡಕ್ಕೆ ಬಂದರು.

ಮತ್ತೆ ಅರಸೀಕೆರೆ, ಮತ್ತೆ ರೈಲು. ಡಾಕ್ಟರು ಬೈಯಬಹುದು ಎಂದು ಅಕ್ಕಯ್ಯ ಕುಗ್ಗಿ ಕೂತಿದ್ದರು. ಅವರು ಬೈಯಲಿಲ್ಲ. "ಕೈ ಸರಿಹೋಯ್ತು ಅಂತ ಮಾತ್ರೆ ಬಿಟ್ಟಿರಿ. ಮಾತ್ರೆ ಬಿಟ್ಟದ್ದಕ್ಕೇ ಕೈ ಸರಿಹೋಗಿದ್ದು ತಾಯಿ. ಔಷಧಿ ಇಳಿದ್ರೆ ಮೊದ್ಲು ಕೈ ಹಗುರಾಗುತ್ತೆ. ಕಾಯಿಲೆ ತಡವಾಗಿ ಬರುತ್ತೆ, ಆದ್ರೆ ಬರುತ್ತೆ. ಕೈ ಬಿಗಿದಾಗಲೇ ನನಗೆ ಹೇಳಿದ್ರೆ ಪ್ರಮಾಣ ಇಳಿಸ್ತಿದ್ದೆ," ಎಂದರು. ಈ ಸಲ ಕಡಿಮೆ ಪ್ರಮಾಣದಿಂದ ಶುರುಮಾಡಿ, ನಡುಕಕ್ಕೆಂದು ಬೇರೊಂದು ಮಾತ್ರೆ ಸೇರಿಸಿದರು. ತಾವಾಗಿ ಬಿಡಬೇಡಿ, ಮರೆತ ದಿನದ್ದನ್ನು ಮಾರನೆಯ ದಿನಕ್ಕೆ ಸೇರಿಸಿ ಎರಡು ಕೊಡಬೇಡಿ, ಕಣ್ಣು ಹಳದಿಯಾದರೆ ಅಥವಾ ಜ್ವರ ಬಂದು ಮೈ ಸೆಟೆದುಕೊಂಡರೆ ತಕ್ಷಣ ತೋರಿಸಿ ಎಂದು ನನ್ನನ್ನೂ ಕೂರಿಸಿಕೊಂಡು ಹೇಳಿದರು. ನಾನು ಕಚೇರಿಯ ಸುತ್ತೋಲೆಯನ್ನೂ ಅಷ್ಟು ಗಮನವಿಟ್ಟು ಕೇಳಿದವನಲ್ಲ.

ಉಳಿದದ್ದು ಏಕಾದಶಿ. ಊರಿಗೆ ಬಂದು ಅಕ್ಕಯ್ಯ ಅರ್ಚಕರ ಮುಂದೆ ಸೆರಗೊಡ್ಡಿ ನಿಂತರು. ಹರಕೆ ಮುರಿದ ಪಾಪ ತಮ್ಮನಿಗೆ ತಟ್ಟೀತೆಂಬ ಭಯ. ವಯಸ್ಸಾದ ಅರ್ಚಕರು ಎಲ್ಲ ಕೇಳಿ, "ಔಷಧಿಗೆ ಏಕಾದಶಿ ಇಲ್ಲಮ್ಮ. ದಿನಾ ಇಲ್ಲಿಗೇ ಕಳಿಸು, ತೀರ್ಥದ ಜೊತೆ ನುಂಗಲಿ. ನಾನೇ ನೋಡ್ಕೋತೀನಿ," ಎಂದರು. ಅಂದಿನಿಂದ ಬೆಳಗಿನ ಮಾತ್ರೆ ದೇವರ ಎದುರಿಗೇ ಆಗುತ್ತಿತ್ತು. ನಾಚಿಕೆ ಎಂಬುದು ಅಲ್ಲಿಗೆ ಮುಗಿಯಿತು.

ಕೈ ಪೂರ್ತಿ ಮರಳಲಿಲ್ಲ. ದೊಡ್ಡ ಹಾರದ ಕೆಲಸ ಬೇರೆಯವರಿಗೆ ಹೋಯಿತು. ಹೂವಿನಣ್ಣನಿಗೆ ತುಳಸಿಯ ಮಾಲೆ ಉಳಿಯಿತು, ಅದೂ ಸ್ವಲ್ಪ ಸಡಿಲವಾಗಿ. ನಾನು ಪೇಚಾಡಿಕೊಂಡರೆ ಅಕ್ಕಯ್ಯ, "ಹಾರ ಯಾರಾದ್ರೂ ಕಟ್ತಾರೆ ಕಣಪ್ಪ. ನನಗೆ ಇನ್ನೊಬ್ಬ ತಮ್ಮ ಸಿಕ್ತಾನಾ?" ಎಂದು ಬಾಯಿ ಮುಚ್ಚಿಸಿದರು.

ನನಗೆ ವರ್ಗವಾಯಿತು, ಮದುವೆಯಾಯಿತು, ಬೇಲೂರು ದೂರವಾಯಿತು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಒಮ್ಮೆ ಹೋದೆ. ಅಕ್ಕಯ್ಯ ತೀರಿಕೊಂಡಿದ್ದರು. ಹೂವಿನಣ್ಣ ಒಬ್ಬರೇ ತುಳಸಿ ಬಿಡಿಸುತ್ತ ಕೂತಿದ್ದರು. ಬಾಯಿ ಏನನ್ನೋ ಅಗಿಯುತ್ತಿತ್ತು, ನಾಲಗೆ ಆಗಾಗ ತುಟಿಯ ಆಚೆ ಬರುತ್ತಿತ್ತು. ಎಲೆಯಡಿಕೆ ಎಂದುಕೊಂಡೆ, ಆದರೆ ಬಾಯಲ್ಲಿ ಏನೂ ಇರಲಿಲ್ಲ. ಬಹಳ ವರ್ಷ ಆ ಮಾತ್ರೆ ತಿಂದವರಲ್ಲಿ ಕೆಲವರಿಗೆ ಹೀಗಾಗುತ್ತದಂತೆ. ಡಾಕ್ಟರು ಇನ್ನಷ್ಟು ಇಳಿಸಿ ನೋಡುತ್ತಿದ್ದರು. ಬೀದಿಯ ಮಕ್ಕಳು ಅಣಕಿಸಿಕೊಂಡು ಓಡುತ್ತಿದ್ದವು. ನನ್ನ ಮುಖ ಸಪ್ಪಗಾದದ್ದನ್ನು ಅವರು ಕಂಡರು.

"ಮೊದ್ಲು ಕೈ, ಈಗ ಬಾಯಿ... ಬೇಜಾರಾಗಲ್ವಾ ಹೂವಿನಣ್ಣ?" ಎಂದು ಕೇಳಿಯೇಬಿಟ್ಟೆ.

"ಬಾಯಿ ಅದರ ಪಾಡಿಗೆ ಅದು ಆಡ್ಕೊಳ್ಳಲಿ ಬಿಡಿ," ಎಂದರು, ಒಂದೊಂದೇ ಪದ ಹುಡುಕಿ. "ನಮ್ಮಕ್ಕ ಸಾಯೋ ಹೊತ್ನಲ್ಲಿ ಹತ್ತಿರ ಕೂತಿದ್ದೆ. ಸಣ್ಣ ದನೀಲಿ ಏನೇನೋ ಹೇಳಿದ್ಲು. ಎಲ್ಲಾ ಕೇಳಿಸ್ತು ಕಣ್ರೀ. ಮಧ್ಯೆ ಯಾರೂ ಬಾಯಿ ಹಾಕ್ಲಿಲ್ಲ."

ಅದಾದ ಕೆಲವು ವರ್ಷಕ್ಕೆ ಅವರೂ ಹೋದರು. ಸುದ್ದಿ ನನಗೆ ತಡವಾಗಿ ಸಿಕ್ಕಿತು, ಮಣ್ಣಿಗೂ ಹೋಗಲಾಗಲಿಲ್ಲ. ಈಗ ನನಗೇ ಕಿವಿ ಮಂದ. ಮನೆಯವರು ಮಾತಾಡಿಸಿದರೆ ಅರ್ಧ ಕೇಳಿಸುತ್ತದೆ, ಅರ್ಧ ಊಹಿಸಿಕೊಳ್ಳುತ್ತೇನೆ. ಆಗೆಲ್ಲ ಹೂವಿನಣ್ಣನ ನೆನಪು ಬರುತ್ತದೆ. ಅಕ್ಕಯ್ಯ ಕೊನೆಗೆ ಏನು ಹೇಳಿದರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅದು ಅವರಿಬ್ಬರದೇ.