ಗಂಡನನ್ನು ಎದುರು ತಂಡಕ್ಕೆ ಕೊಟ್ಟದ್ದು

ನನ್ನ ಗಂಡನನ್ನು ಗಾರ್ಕಿಂಗ್‌ನವರಿಗೆ ಕೊಟ್ಟು ಬದಲಿಗೆ ಒಬ್ಬ ಹುಡುಗಿಯನ್ನು ತಂದುಕೊಂಡೆ. ಮೈಸೂರಿನಲ್ಲಿರುವ ನಮ್ಮತ್ತೆಗೆ ಫೋನಿನಲ್ಲಿ ಹೀಗೆ ಹೇಳಿದಾಗ ಗಾಬರಿಯಾದರು. ಬ್ಯಾಸ್ಕೆಟ್‌ಬಾಲ್ ವಿಷಯ ಎಂದು ಬಿಡಿಸಿ ಹೇಳಿದ ಮೇಲೆ, "ಅಯ್ಯೋ ಬಿಡು, ನಾನು ಏನೋ ಅಂದ್ಕೊಂಡೆ" ಎಂದರು.

ಮ್ಯೂನಿಕ್ ಸುತ್ತಮುತ್ತಲಿನ ಕನ್ನಡಿಗರದು ಎರಡು ತಂಡ. ನಮ್ಮದು ನೊಯ್‌ಬಿಬರ್ಗ್: ಚಿಪ್ ಕಂಪನಿಯ ಎಂಜಿನಿಯರುಗಳು, ಸಂಸಾರಸ್ಥರು, ಸ್ವಲ್ಪ ಹೊಟ್ಟೆ ಬಂದವರು. ಎದುರಾಳಿಗಳು ಗಾರ್ಕಿಂಗ್‌ನ ವಿದ್ಯಾರ್ಥಿಗಳು. ಭಾನುವಾರ ಬೆಳಿಗ್ಗೆ ಒಂದು ಶಾಲೆಯ ಹಾಲ್‌ನಲ್ಲಿ ಹೆಂಗಸರು ಗಂಡಸರು ಕೂಡಿಯೇ ಆಡುತ್ತೇವೆ. ಹಾಲ್ ಬುಕ್ ಮಾಡುವುದು, ಚೆಂಡಿಗೆ ಗಾಳಿ ತುಂಬುವುದು, ನೆಲಕ್ಕೆ ಗೆರೆ ಬೀಳಿಸುವ ಕಪ್ಪು ಅಟ್ಟೆಯ ಶೂ ಹಾಕಿ ಬಂದವರ ಪರವಾಗಿ ಶಾಲೆಯ ಉಸ್ತುವಾರಿ ಹೌಸ್‌ಮೈಸ್ಟರ್ ಕೈಲಿ ಬೈಸಿಕೊಳ್ಳುವುದು, ಇದಕ್ಕೆಲ್ಲ ಬೇರೆ ಯಾರೂ ಮುಂದೆ ಬರದಿದ್ದರಿಂದ ನಾನು ನಾಯಕಿ. ಚಳಿಗಾಲದ ಪಂದ್ಯಗಳು ಶುರುವಾಗುವ ಮುಂಚೆ ಎರಡು ತಂಡಗಳೂ ಒಬ್ಬೊಬ್ಬರನ್ನು ಅದಲುಬದಲು ಮಾಡಿಕೊಳ್ಳುವುದು ನಮ್ಮ ರೂಢಿ. ನಾಯಕರಿಬ್ಬರು ಒಪ್ಪಿದರೆ ಮುಗಿಯಿತು, ಆಟಗಾರರನ್ನು ಕೇಳುವ ಪದ್ಧತಿ ಇಲ್ಲ. ಸಾಮಾನ್ಯವಾಗಿ ಯಾರಿಗೂ ಬೇಡವಾದವರನ್ನೇ ಕೊಟ್ಟು ಅಂಥವರನ್ನೇ ತೆಗೆದುಕೊಳ್ಳುತ್ತಿದ್ದೆವು.

ನನ್ನ ಗಂಡ ನಮ್ಮ ತಂಡದ ಸ್ಟಾರ್. ಓದುವಾಗ ಯೂನಿವರ್ಸಿಟಿಗೆ ಆಡಿದವರು. ಅವರು ದೂರದಿಂದ ಎಸೆದ ಚೆಂಡು ರಿಂಗಿಗೂ ತಾಗದೆ ಬಲೆಗೆ ಇಳಿಯುವುದನ್ನು ನೋಡಿದರೆ ನನಗೆ ಈಗಲೂ ಖುಷಿ. ಅದಕ್ಕೇ ಮನಸೋತು ನಾನು ಮದುವೆಯಾದೆ ಎಂದು ಎಲ್ಲರೆದುರು ಹೇಳುತ್ತಾರೆ, ಅಷ್ಟೇನಿಲ್ಲ. ಆದರೆ ಹೋದ ವರ್ಷದಿಂದ ಅವರ ಬಲಮಂಡಿ ಮಾತು ಕೇಳುತ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುತ್ತಿದ್ದರು. ಏನಾಯಿತು ಎಂದರೆ, "ಏನಿಲ್ಲ, ಶೂ ಟೈಟು." ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿ.

ಗುಟ್ಟು ರಟ್ಟು ಮಾಡಿದ್ದು ಅವರೆಕಾಳು. ಇಲ್ಲಿನ ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಯಾವುದೋ ಗುಜರಾತಿ ಹೆಸರು ಹೊತ್ತು ಕೂತಿರುವ ಅವರೆಕಾಳೇ ನಮಗೆ ಗತಿ. ಒಂದು ಸೋಮವಾರ ಸಾರಿಗೆಂದು ಪ್ಯಾಕೆಟ್ ತೆಗೆದೆ. ಕಾಳು ಬಿಡಿಬಿಡಿಯಾಗಿರದೆ ಒಂದೇ ಗಟ್ಟಿಯಾಗಿತ್ತು, ನಡುವೆ ಬಟ್ಟಲಿನಂಥ ಕುಳಿ. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ್ದು. ಪದೇ ಪದೇ ಕರೆಂಟ್ ಹೋಗುವ ಊರಲ್ಲ ಇದು. ಮೂಗಿನ ಹತ್ತಿರ ಹಿಡಿದರೆ ನೋವಿನ ಮುಲಾಮಿನ ವಾಸನೆ. ಕುಳಿಯನ್ನು ನನ್ನ ಮಂಡಿಯ ಮೇಲಿಟ್ಟು ನೋಡಿದೆ, ಸರಿಯಾಗಿ ಕೂತಿತು. ಆಟ ಮುಗಿಸಿ ಬಂದು ನಾನು ಸ್ನಾನಕ್ಕೆ ಹೋಗುವ ಹೊತ್ತು ನೋಡಿಕೊಂಡು ಈ ಮನುಷ್ಯ ನನ್ನ ಅವರೆಕಾಳನ್ನು ಮಂಡಿಗೆ ಒತ್ತಿಕೊಂಡು ಕೂರುತ್ತಿದ್ದರು!

ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆಯಾಯಿತು. ಹೀಗೇ ಆಡುತ್ತಿದ್ದರೆ ಒಂದು ದಿನ ನೆಟ್ಟಗೆ ನಡೆಯಲೂ ಆಗದಂತೆ ಬೀಳುತ್ತಾರೆ. ಆಡಬೇಡಿ ಎಂದರೋ, ಹಟಕ್ಕೆ ಬಿದ್ದು ಇನ್ನೂ ಜೋರಾಗಿ ಓಡುವ ಆಸಾಮಿ.

ಆ ಸಲ ಗಾರ್ಕಿಂಗ್ ತಂಡಕ್ಕೆ ಮಂಡ್ಯದ ಹುಡುಗಿಯೊಬ್ಬಳು ಹೊಸದಾಗಿ ಸೇರಿದ್ದಳು. ಓದಲು ಬಂದವಳು, ರಾಜ್ಯದ ಜೂನಿಯರ್ ತಂಡದಲ್ಲಿ ಆಡಿದವಳು, ನಮ್ಮ ಗಂಡಸರೆಲ್ಲ ಕತ್ತೆತ್ತಿ ಮಾತಾಡಿಸಬೇಕು ಅಷ್ಟೆತ್ತರ. ಕೇಳಿದರೆ ನಗುತ್ತಾರೆ ಎಂದುಕೊಂಡೇ ಅವರ ನಾಯಕನಿಗೆ ಫೋನ್ ಮಾಡಿದೆ.

"ಅಕ್ಕಾ, ಸರ್‌ನ ಕೊಡ್ತೀರಾ? ನಿಜವಾಗ್ಲೂ?" ಎಂದ ಹುಡುಗ. "ಅವಳು ಹೋದ್ರೆ ಬೇಜಾರೇ, ಆದ್ರೂ ಪರವಾಗಿಲ್ಲ. ನಮ್ಮಲ್ಲಿ ಓಡೋರು ಬೇಜಾನ್ ಇದಾರೆ, ಹೇಳ್ಕೊಡೋರೇ ಇಲ್ಲ. ಸರ್ ಬೆಂಚಲ್ಲಿ ಕೂತು ಬೈದ್ರೂ ಸಾಕು."

"ಬೈಸ್ಕೊಳ್ಳಿ. ಓಡಿಸ್ಬೇಡಿ" ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ.

ಗಂಡನಿಗೆ ಹೇಳುವುದೊಂದು ಉಳಿಯಿತು. ಇಡೀ ವಾರ ಬಾಯಿ ಬರಲಿಲ್ಲ. ಕೊನೆಗೆ ಭಾನುವಾರ ಹೊರಡುವ ಹೊತ್ತಿಗೆ, ಅವರು ಬಾಗಿಲ ಬಳಿ ಕೂತು ಹಲ್ಲು ಕಚ್ಚಿಕೊಂಡು ಬಲಗಾಲಿನ ಶೂ ಲೇಸ್ ಕಟ್ಟುತ್ತಿದ್ದಾಗ ಹೇಳಿಯೇಬಿಟ್ಟೆ.

"ರೀ, ಇವತ್ತಿಂದ ನೀವು ಗಾರ್ಕಿಂಗ್ ಟೀಮು."

ಅವರ ಕೈ ನಿಂತಿತು. "ಯಾರು ಮಾಡಿದ್ದು?"

"ನಾನೇ. ಮಂಡ್ಯದ ಹುಡುಗೀನ ತಗೊಂಡೆ."

ಅವರ ಕಿವಿ ಕೆಂಪಾದವು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರಿಗೆ ನಾನು ಅಷ್ಟು ಹೆದರಿದ್ದಿಲ್ಲ. ತಪ್ಪು ಮಾಡಿದೆನೇನೋ, ಬೇರೆಯವರ ಮುಂದೆ ಇವರ ಮರ್ಯಾದೆ ತೆಗೆದೆನೇನೋ ಎಂದುಕೊಳ್ಳುತ್ತಿದ್ದೆ.

"ನನಗೆ ಬದ್ಲು ಒಬ್ಬಳೇನಾ?" ಎಂದರು. "ಇನ್ನೊಬ್ಬರನ್ನಾದ್ರೂ ಕೇಳೋದಲ್ವಾ ನೀನು?"

ನಗು ತಡೆದುಕೊಂಡೆ. "ಅಲ್ಲಿ ನೀವು ಕೋಚು. ಓಡೋ ಹಾಗಿಲ್ಲ."

"ಓಡೋದೇ ಬೇಡ್ವಾ?"

"ಬೇಡ."

ದೀರ್ಘವಾಗಿ ಉಸಿರು ಬಿಟ್ಟರು. ಕಟ್ಟಿದ ಲೇಸನ್ನು ಬಿಚ್ಚಿ, ಶೂ ಕಳಚಿ, ಮನೆಯಲ್ಲಿ ಹಾಕಿಕೊಳ್ಳುವ ಮೆತ್ತನೆ ಚಪ್ಪಲಿಯನ್ನು ಚೀಲಕ್ಕೆ ತುರುಕಿದರು.

ಅಂದು ಮಂಡ್ಯದ ಹುಡುಗಿ ಬುಟ್ಟಿ ತುಂಬಿಸಿದಂತೆ ಅಂಕ ಗಳಿಸಿದಳು. ಆದರೂ ನಾವು ಸೋತೆವು. ನಮ್ಮ ತಂಡದ ಒಬ್ಬೊಬ್ಬರ ಕುಂದನ್ನೂ ಬಲ್ಲವರು ಎದುರು ಬೆಂಚಿನಲ್ಲಿ ಕೂತಿದ್ದರಲ್ಲ! "ಮಗಾ, ಆ ಕ್ಯಾಪ್ಟನ್‌ಗೆ ಎಡಗೈ ಬರಲ್ಲ, ಆ ಕಡೆಗೇ ತಳ್ಳು!" ಎಂದು ಹಾಲ್ ಎಲ್ಲ ಕೇಳುವಂತೆ ಕೂಗಿದರು. ಆ ಕ್ಯಾಪ್ಟನ್ ನಾನೇ. ಸೋತು ಅಷ್ಟು ಹಗುರವಾದದ್ದು ನನಗೆ ಅದೇ ಮೊದಲು.

ಮನೆಗೆ ಬಂದವರು ಸೀದಾ ಫ್ರೀಜರ್ ತೆಗೆದರು. ಅಲ್ಲಿ ಎರಡು ಪ್ಯಾಕೆಟ್ ಇದ್ದವು. ಹೊಸದರ ಮೇಲೆ ನಾನು ಮಾರ್ಕರಿನಲ್ಲಿ 'ಸಾರು' ಎಂದೂ ಹಳೆಯದರ ಮೇಲೆ 'ಮಂಡಿ' ಎಂದೂ ಬರೆದಿಟ್ಟಿದ್ದೆ.

ಹಳೆಯದನ್ನು ಹಿಡಿದು ಬಂದು ನನ್ನ ಪಕ್ಕ ಕೂತರು. ಬಲಗಾಲನ್ನು ನನ್ನ ತೊಡೆಯ ಮೇಲೆ ಚಾಚಿದರು.

"ತುಂಬಾ ನೋಯುತ್ತೆ ಕಣೇ" ಎಂದರು.

ಅಬ್ಬಾ, ಕೊನೆಗೂ ಹೇಳಿದರಲ್ಲ ಎನಿಸಿತು. ಪ್ಯಾಕೆಟ್ ಇಸಿದುಕೊಂಡು ಮಂಡಿಯ ಮೇಲೆ ನಾನೇ ಇಟ್ಟೆ.