ಯುದ್ಧವಾರ್ತೆ ಓದುವವರು
ಜೋಗುಪಾಳ್ಯದ ಮುನಿಆಂಜನಪ್ಪನವರು ಮಹಾಯುದ್ಧದ ಕಾಲದಲ್ಲಿ ಹಲಸೂರು ಮಾರುಕಟ್ಟೆಯ ಲೌಡ್‌ಸ್ಪೀಕರಿನಲ್ಲಿ ದಿನಾ ಸಂಜೆ ಸರ್ಕಾರದ ವಾರ್ತೆ ಓದುತ್ತಿದ್ದರು. ಗಂಟಲು ಕೆಟ್ಟೀತೆಂದು ಮಜ್ಜಿಗೆ ಬಿಟ್ಟಿದ್ದರು. ಮನೆಯಲ್ಲಿ ಉಪ್ಪು ಬೇಕಾದರೂ ಕೈಸನ್ನೆಯೇ. ದಾರಿಯಲ್ಲಿ ಯಾರಾದರೂ "ಬರ್ಮಾ ಕಡೆ ಏನಣ್ಣಾ ಸಮಾಚಾರ?" ಎಂದರೆ, "ಸಂಜೆ ಬಾರಪ್ಪ, ಮೈಕಲ್ಲೇ ಹೇಳ್ತೀನಿ" ಎಂದು ಎದೆ ಸೆಟೆಸಿ ನಡೆದುಬಿಡುವರು. ಬರ್ಮಾದಲ್ಲಿ ಸಿಪಾಯಿಯಾಗಿದ್ದ ಒಬ್ಬನೇ ಮಗ ಸತ್ತನೆಂದು ತಂತಿ ಬಂದ ದಿನವೂ ಕೋಟು ತೊಟ್ಟು ಹೊರಟರು. ಹೆಂಡತಿ ಗಂಗಲಕ್ಷ್ಮಮ್ಮ ಅಳುತ್ತಲೇ ಹಿಂದೆ ಹೋದಳು. "ಬರ್ಮಾದಲ್ಲಿ ನಮಗೆ ಜಯ. ನಮ್ಮ ಕಡೆ ಸಾವುನೋವು ಅತ್ಯಲ್ಪ" ಎಂದು ಅವರು ಓದಿದರು. ಜನ ಚಪ್ಪಾಳೆ ತಟ್ಟಿದರು. "ಆ ಅತ್ಯಲ್ಪಕ್ಕೆ ಒಂದು ಹೆಸ್ರಿತ್ತು, ಅದನ್ನೂ ಓದ್ರೀ!" ಎಂದು ಗಂಗಲಕ್ಷ್ಮಮ್ಮ ಗುಂಪಿನೊಳಗಿಂದ ಕೂಗಿದಳು. ಕಣ್ಣೆತ್ತಿದರೆ ದನಿ ಒಡೆದೀತೆಂಬ ಭಯಕ್ಕೆ ಮುನಿಆಂಜನಪ್ಪನವರು ತಲೆ ಬಗ್ಗಿಸಿಯೇ ಸಕ್ಕರೆ ರೇಷನ್ನಿನ ಸುದ್ದಿಗೆ ಹೋದರು.