ಬೂದು ಕುದುರೆಗೆ ಬಿದ್ದ ಹೂವು

ಅಂಟುವಾಳದ ನೊರೆಯಲ್ಲಿ ಯಜಮಾನರ ಸ್ವೆಟರ್ ಅದ್ದುತ್ತಿದ್ದೆ. ಉಣ್ಣೆಯನ್ನು ಬೇರೆ ಬಟ್ಟೆಯ ಹಾಗೆ ತಿಕ್ಕುವಂತಿಲ್ಲ, ತಿರುಚಿ ಹಿಂಡುವಂತೆಯೂ ಇಲ್ಲ. ಅಂಗೈಯಲ್ಲಿ ಮೆತ್ತಗೆ ಒತ್ತಿ ಒತ್ತಿ ಕೊಳೆ ಬಿಡಿಸಬೇಕು. ಅಂದು ಎರಡನೇ ಶನಿವಾರ, ಆಫೀಸಿಗೆ ರಜೆ. ಜಿನುಗುತ್ತಲೇ ಇದ್ದ ಚಳಿಗಾಲದ ಮಳೆ ನಿಂತು, ನಮ್ಮ ಹಿತ್ತಿಲಿಗೆ ಒಂದು ಚಾಪೆಯಗಲ ಬಿಸಿಲು ಬಂದಿತ್ತು. ದೇವರು ಇಷ್ಟು ಕೊಟ್ಟನಲ್ಲ, ಸ್ವೆಟರ್ ಒಣಗಲು ಸಾಕು ಎಂದುಕೊಳ್ಳುತ್ತಿದ್ದೆ. ಮೇಲಿನ ಮನೆಯ ಪುಟ್ಟ ಹುಡುಗಿ ಮೆಟ್ಟಿಲಿಳಿದು ಬಂದು ಹಿತ್ತಿಲ ಬಾಗಿಲಲ್ಲಿ ನಿಂತಳು.

"ಆಂಟಿ, ಅಮ್ಮನ್ನ ಕೌವಾ ಛೂ ಲಿಯಾ. ಪಪ್ಪಾ ಬೋಲೇ, ಇವತ್ತು ಹೂ ನೀವೇ ಕೇಳ್ಬೇಕಂತೆ."

ಅವಳಮ್ಮ ಮುಟ್ಟಾಗಿದ್ದಾರೆ, ಮೂರು ದಿನ ದೇವರ ಹತ್ತಿರ ಸುಳಿಯುವಂತಿಲ್ಲ ಎಂದು ಅದರ ಅರ್ಥ. ನಮ್ಮ ಕಡೆ ಮಕ್ಕಳಿಗೆ ಕಾಗೆ ಮುಟ್ಟಿದೆ ಎಂದು ಹೇಳುವುದು ರೂಢಿ. ದೆಹಲಿಯಲ್ಲಿ ಹುಟ್ಟಿದ ಈ ಮಗುವಿನ ಬಾಯಲ್ಲಿ ನಮ್ಮ ಕಾಗೆಯೂ ಹಿಂದಿ ಕಲಿತಿತ್ತು. ಹುಡುಗಿ ಓಡಿಹೋದಳು. ನಾನು ಸ್ವೆಟರನ್ನು ನೊರೆಯಲ್ಲೇ ಬಿಟ್ಟು, ಕೈ ಒರೆಸಿಕೊಳ್ಳುವುದನ್ನೂ ಮರೆತು ಕೂತೆ.

ಕೇಳಬೇಕಾಗಿದ್ದ ಹೂವು ಕುದುರೆಯದು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಾವಿದ್ದದ್ದು ಮುನಿರ್ಕಾ ಹಳ್ಳಿಗೆ ಹತ್ತಿರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಮೇಲಿನ ಮನೆಯವರೂ ಕನ್ನಡದವರೇ. ಅವರ ಯಜಮಾನರೂ ನಮ್ಮವರೂ ಒಂದೇ ಸೆಕ್ಷನ್ನಿನ ಗುಮಾಸ್ತರು. ಇಬ್ಬರಿಗೂ ಬೇರೆ ಚಟವಿರಲಿಲ್ಲ, ಬೀಡಿಯಿಲ್ಲ, ಎಲೆಯಡಿಕೆಯಿಲ್ಲ. ಆದರೆ ಚಳಿ ಶುರುವಾಗಿ ಕುದುರೆ ರೇಸು ಆರಂಭವಾಯಿತೆಂದರೆ ಶನಿವಾರ ಭಾನುವಾರ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೂ ಮೊದಲು ಸಂಜೆಯೆಲ್ಲ ಪೇಪರಿನ ಟಿಪ್ಸ್ ಓದುವುದು, ಯಾವ ಕುದುರೆಯ ಮೇಲೆ ಯಾವ ಜಾಕಿ, ಯಾವುದರ ಮೊಣಕಾಲು ಊದಿದೆ ಎಂಬ ಚರ್ಚೆ. ಇಬ್ಬರ ಟಿಪ್ಸೂ ಸುಳ್ಳಾಗುತ್ತ ಬಂದ ಒಂದು ಚಳಿಗಾಲದಲ್ಲಿ ಮೇಲಿನವರ ಯಜಮಾನರು ಸುಮ್ಮನೆ ತಮಾಷೆಗೆ, "ನಿನ್ನ ದೇವರನ್ನೇ ಒಂದ್ಸಲ ಕೇಳು" ಎಂದು ಹೆಂಡತಿಗೆ ಹೇಳಿದರಂತೆ. ಆಕೆ ದೇವರ ವಿಗ್ರಹದ ಎರಡು ಭುಜಕ್ಕೂ ಒದ್ದೆ ಹೂವಿನ ಎಸಳು ಅಂಟಿಸಿ, ಕುದುರೆಯ ಹೆಸರು ಹೇಳಿ ಕೈಮುಗಿದರು. ಬಲಗಡೆಯದು ಬಿತ್ತು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಅದು ನಮ್ಮ ಕಡೆಯವರಿಗೆಲ್ಲ ಗೊತ್ತು. ಕುದುರೆ ಗೆದ್ದಿತು.

ಆಮೇಲೆ ಇನ್ನೊಂದೂ ಗೆದ್ದಿತು. ಮತ್ತೊಂದು ಸೋತಾಗ, ಹೂ ಬೀಳುವ ಹೊತ್ತಿಗೆ ಯಾರೋ ಸೀನಿದ್ದರು ಎಂದು ತೀರ್ಮಾನವಾಯಿತು. ಅಂದಿನಿಂದ ಶುಕ್ರವಾರ ಸಂಜೆ ಮತ್ತು ಶನಿವಾರ ಸಂಜೆ ನಮ್ಮವರು ಕಾಲು ತೊಳೆದು, ಮಡಿಯವರ ಹಾಗೆ ಮೆಲ್ಲಗೆ ಮೆಟ್ಟಿಲು ಹತ್ತತೊಡಗಿದರು. ಕೆಳಗೆ ಅಡುಗೆಮನೆಯಲ್ಲಿ ನನಗೆ ಮೇಲಿನ ಗಂಟೆ ಕೇಳುತ್ತಿತ್ತು. ಆಮೇಲೆ ಇಬ್ಬರು ಗಂಡಸರ ಧ್ವನಿ: "ಬಿತ್ತು, ಬಿತ್ತು."

ಆ ಮಾತು ಕೇಳಿದಾಗ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಗೆದ್ದ ದುಡ್ಡಿಗಲ್ಲ. ಅದು ಬಂದ ಹಾಗೆಯೇ ಮುಂದಿನ ವಾರ ಹೋಗುತ್ತಿತ್ತು.

ಮದುವೆಯಾಗಿ ಬಂದ ಮೇಲೆ ನಾನೂ ಶುಕ್ರವಾರ ಶುಕ್ರವಾರ ಹೂ ಇಡುತ್ತಿದ್ದೆ. ಜನವರಿಯ ಚಳಿಯಲ್ಲಿ ತಣ್ಣೀರು ಸುರಿದುಕೊಂಡು, ನಡುಗುವ ಕೈಯಲ್ಲಿ ದೀಪ ಹಚ್ಚಿ, ಮನೆದೇವರ ಭುಜಕ್ಕೆ ಎಸಳು ಅಂಟಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದೆ: ನನಗೊಂದು ಮಗು ಆಗುತ್ತದೆಯೇ? ಎಷ್ಟೋ ಶುಕ್ರವಾರಗಳು ಹಾಗೇ ಹೋದವು. ಎರಡೂ ಎಸಳು ಅಲ್ಲೇ ಅಂಟಿಕೊಂಡು ಒಣಗುತ್ತಿದ್ದವು. ಮರುದಿನ ಉಗುರಿನಿಂದ ಕಿತ್ತು ತೆಗೆಯುತ್ತಿದ್ದೆ. ಎಡಕ್ಕೂ ಬೀಳಲಿಲ್ಲವಲ್ಲ, ಇಲ್ಲ ಎಂದು ಹೇಳಲಿಲ್ಲವಲ್ಲ ಎಂಬುದೇ ಸಮಾಧಾನ.

ಮೇಲಿನವರಿಗೆ ಮೂರು ಮಕ್ಕಳು. ಪಂಜಾಬಿ ನೆರೆಯವರಿಂದ ಕಲಿತು ಎದ್ದ ತಕ್ಷಣ ಹಾಸಿಗೆಯಲ್ಲೇ ಚಹಾ ಕುಡಿಯುವವರು. ಸ್ನಾನ ಹತ್ತು ಗಂಟೆಗಾದರೂ ಆಯಿತು. ಅವರಿಗೆ ಕುದುರೆ ಕೇಳಿದರೂ ದೇವರು ಥಟ್ಟನೆ ಉತ್ತರ ಕೊಡುತ್ತಾನೆ. ನನಗೆ ಮಗುವಿನ ವಿಷಯಕ್ಕೂ ಬಾಯಿ ಬಿಡುವುದಿಲ್ಲ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ನಮ್ಮವರಂತೂ, "ಅವರ ಕೈಯಲ್ಲಿ ಏನೋ ಇದೆ ಕಣೆ" ಎನ್ನುತ್ತ ಅವರು ಕಳಿಸಿದ ಕೇಸರಿಬಾತ್ ತಿನ್ನುತ್ತಿದ್ದರು. ನಾನೂ ತಿನ್ನುತ್ತಿದ್ದೆ. ಸಕ್ಕರೆ ಹೆಚ್ಚೆನಿಸುತ್ತಿತ್ತು.

ಆ ಶನಿವಾರದ ರೇಸು ಮಳೆಯಿಂದ ನಿಂತುಹೋಗಿತ್ತು. ಹಾಗಾಗಿ ಇಬ್ಬರ ಆಸೆಯೂ ಭಾನುವಾರದ ದೊಡ್ಡ ರೇಸಿನ ಮೇಲೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೇಲಿನವರ ಯಜಮಾನರು ರೇಸ್ ಪುಸ್ತಕ ಹಿಡಿದು ಕೆಳಗೆ ಬಂದರು. ಇಬ್ಬರೂ ನಮ್ಮ ದೇವರ ಗೂಡಿನ ಮುಂದೆ ಚಾಪೆ ಹಾಕಿ ಕೂತರು.

"ಪೇಪರಿನವರೆಲ್ಲ ಆ ಕಂದು ಕುದುರೆಯನ್ನೇ ಬರ್ದಿದಾರೆ," ಎಂದರು ಮೇಲಿನವರ ಯಜಮಾನರು.

"ಪೇಪರಿನವರು ಒಣ ನೆಲ ನೋಡಿ ಬರ್ದದ್ದು ಸ್ವಾಮಿ," ಎಂದರು ನಮ್ಮವರು. "ಈಗ ಮಳೆ ಬಿದ್ದಿದೆ. ನೆಲ ಮೆತ್ತಗಾದ್ರೆ ಬೂದು ಕುದುರೆ ಬಿಟ್ರೆ ಇನ್ನೊಂದಿಲ್ಲ. ಕ್ಯಾಂಟೀನ್ ಭಯ್ಯಾನ ಭಾವ ಅಲ್ಲೇ ಲಾಯದಲ್ಲಿರೋದು. ಅವನದೇ ಮಾತು."

"ಹೋದ್ಸಲ ಅದೇ ಭಾವ ಹೇಳಿದ ಕುದುರೆ ಇನ್ನೂ ಓಡ್ತಾ ಇದೆ."

"ಅದಕ್ಕೇ ಅಲ್ವೇ ಹೂ ಕೇಳೋದು," ಎಂದು ನಮ್ಮವರು ನನ್ನತ್ತ ತಿರುಗಿದರು. "ಕೂತ್ಕೊಳ್ಳೇ."

"ನಾನು ಮನೆದೇವರ ಹತ್ರ ಕುದುರೆ ಗಿದುರೆ ಕೇಳಲ್ಲ ರೀ."

"ಮೇಲೆ ಅವ್ರು ಕೇಳಿದ್ರಲ್ಲ, ದೇವ್ರು ಮುನಿಸ್ಕೊಂಡ್ನಾ?"

"ಅವರ ದೇವ್ರು ಬೇರೆ."

"ಹಾಗಾದ್ರೆ ನಿನ್ನ ದೇವ್ರಿಗೆ ಬರಲ್ಲ ಅನ್ನು. ಬಿಡಿ ಸ್ವಾಮಿ, ಕಂದು ಕುದುರೆಗೇ ಹಾಕೋಣ."

ನಿನ್ನ ದೇವರಿಗೆ ಬರಲ್ಲ. ಆ ಮಾತು ನುಂಗಿಕೊಳ್ಳಲಾಗಲಿಲ್ಲ. ಮಲ್ಲಿಗೆ ಎಲ್ಲಿಂದ ಬರಬೇಕು; ಪಾರ್ಕಿನ ಅಂಚಿನಿಂದ ತಂದ ಚೆಂಡುಹೂವಿನ ಎಸಳು ಒದ್ದೆ ಮಾಡಿ ಎರಡು ಭುಜಕ್ಕೂ ಅಂಟಿಸಿದೆ. ಗಂಟೆ ಬಾರಿಸಿದೆ. ಈ ಗಂಟೆ ಇವತ್ತು ಮೇಲಕ್ಕೆ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಬಾರಿಸಿದೆ. ಕಣ್ಣು ಮುಚ್ಚಿದೆ.

ಆ ಬೂದು ಕುದುರೆಗೆ ಉದ್ದನೆಯ ಇಂಗ್ಲಿಷ್ ಹೆಸರು. ನಮ್ಮವರು ಎರಡು ಸಲ ಹೇಳಿಕೊಟ್ಟಿದ್ದರು. ಕಣ್ಣು ಮುಚ್ಚಿದೊಡನೆ ಅದು ಹೋಯಿತು. ಆ ಜಾಗದಲ್ಲಿ ಕೂತು ಕೂತು ನನ್ನ ಮನಸ್ಸಿಗೆ ಬರುತ್ತಿದ್ದುದು ಒಂದೇ ಪ್ರಶ್ನೆಯಾಗಿತ್ತು. ಅದೇ ಬಂತು. ನನಗೊಂದು ಮಗು ಆಗುತ್ತದೆಯೇ? ಅದೇ ಗಳಿಗೆಗೆ ಬೆನ್ನ ಹಿಂದೆ ನಮ್ಮವರು, ನನಗೆ ಮರೆತಿರಬಹುದೆಂದು, ಕುದುರೆಯ ಹೆಸರನ್ನು ಗಟ್ಟಿಯಾಗಿ ಹೇಳಿದರು.

"ಬಿತ್ತು, ಬಿತ್ತು."

ಕಣ್ಣು ಬಿಟ್ಟೆ. ಬಲಗಡೆಯ ಎಸಳು ದೇವರ ಪಾದದ ಹತ್ತಿರ ಬಿದ್ದಿತ್ತು. ಎಡಗಡೆಯದು ಭುಜದ ಮೇಲೆ ಹಾಗೇ ಇತ್ತು.

ಗಂಡಸರು ಎದ್ದು ನಿಂತಿದ್ದರು. ಮೇಲಿನವರ ಯಜಮಾನರು, "ನಿಮ್ಮ ಕೈಗುಣವೂ ಕಡಿಮೆಯಿಲ್ಲ ತಂಗಿ" ಎಂದು ನಕ್ಕು ಮೇಲೆ ಹೋದರು. ನಮ್ಮವರು ನನ್ನನ್ನು ಅಷ್ಟು ಸಂತೋಷದಿಂದ ನೋಡಿ ಎಷ್ಟು ದಿನವಾಗಿತ್ತೋ. ನಾನು ಆ ಎಸಳನ್ನು ಕುಂಕುಮದ ಭರಣಿಯಲ್ಲಿಟ್ಟೆ.

ಹೂವು ಬಿದ್ದದ್ದು ಒಂದು. ಕೇಳಿದ ಪ್ರಶ್ನೆ ಎರಡು. ದೇವರು ಉತ್ತರ ಕೊಟ್ಟದ್ದು ಯಾರಿಗೆ, ನನಗೋ ಕುದುರೆಗೋ? ಮತ್ತೊಮ್ಮೆ ಹೂ ಇಟ್ಟು ಕೇಳೋಣವೆಂದರೆ, ಕೊಟ್ಟ ಉತ್ತರವನ್ನು ನಂಬದೆ ಮರಳಿ ಕೇಳಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಯೋಚಿಸಿ ಯೋಚಿಸಿ ನನಗೆ ಉಳಿದದ್ದು ಒಂದೇ ದಾರಿ. ಬೂದು ಕುದುರೆ ಗೆದ್ದರೆ ಹೂವು ಕುದುರೆಯದು. ಸೋತರೆ ಹೂವು ನನ್ನದು.

ಭಾನುವಾರ ಬೆಳಿಗ್ಗೆ ಚಪಾತಿ ಪಲ್ಯ ಕಟ್ಟಿಕೊಟ್ಟೆ. "ದೇವರಿಗೆ ಕೈಮುಗಿದು ಹೋಗಿ" ಎಂದೆ. ಅವರು ಮುಗಿದರು. ಪಕ್ಕದಲ್ಲಿ ನಿಂತು ನಾನೂ ಮುಗಿದೆ. ಅವರು ಕುದುರೆ ಗೆಲ್ಲಲಿ ಎಂದು, ನಾನು ಅದು ಸೋಲಲಿ ಎಂದು. ಇಬ್ಬರೂ ಒಂದೇ ದೀಪದ ಮುಂದೆ.

ಮೇಲಿನವರು ಅಡುಗೆಮನೆಗೆ ಹೋಗುವಂತಿರಲಿಲ್ಲವಾದ್ದರಿಂದ ಅವರಿಗೂ ಮಕ್ಕಳಿಗೂ ಅನ್ನ ಸಾರು ನಾನೇ ಮಾಡಿದೆ. ದೊಡ್ಡ ಮಗಳು ಬಂದು ಒಯ್ದಳು. ಊಟವಾದ ಮೇಲೆ ನಾನು ಹಿತ್ತಿಲಲ್ಲಿ ಬಿಸಿಲಿಗೆ ಕೂತೆ. ಅವರು ಮೇಲಿನ ಬಾಲ್ಕನಿಯಲ್ಲಿ ಬೇರೆ ಚಾಪೆಯ ಮೇಲೆ ಕೂತು ಕೆಳಗೆ ಬಗ್ಗಿದರು.

"ಏನ್ರೀ, ನಿನ್ನೆ ಬಲಗಡೆನೇ ಬಿತ್ತಂತೆ?"

"ಹೌದು ರೀ."

"ನೆಟ್ಟಗೆ ಅಂಟಿಸಿದ್ರಾ? ಎಸಳು ಒಣಗಿದ್ರೆ ಗಾಳಿಗೇ ಬಿದ್ದುಬಿಡತ್ತೆ."

"ಒದ್ದೆ ಮಾಡೇ ಅಂಟಿಸಿದ್ದು."

"ಕಿಟಕಿ ಹಾಕಿತ್ತಾ?"

"ಈ ಚಳೀಲಿ ಯಾರು ತೆಗೀತಾರೆ?"

ಅವರು ಇನ್ನಷ್ಟು ಕೆಳಗೆ ಬಗ್ಗಿದರು. ಆಮೇಲೆ, "ಚೆಂಡುಹೂವಂತೆ. ನಮ್ಮ ದೇವ್ರಿಗೆ ನಾನು ಚೆಂಡುಹೂ ಏರಿಸೋದೇ ಇಲ್ಲಪ್ಪ" ಎಂದರು.

ತಲೆಯೆತ್ತಿ ನೋಡಿದೆ. ಅವರ ಮುಖ ನನಗೆ ಚೆನ್ನಾಗಿ ಗೊತ್ತಿದ್ದ ಮುಖ. ಶುಕ್ರವಾರ ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತ ನಾನು ಮೇಲಿನ ಗಂಟೆ ಕೇಳುವಾಗ ನನ್ನ ಮುಖವೂ ಹಾಗೇ ಇರುತ್ತಿದ್ದಿರಬೇಕು. ಮೂರು ಮಕ್ಕಳ ತಾಯಿ, ನನ್ನ ಒಂದು ಎಸಳಿಗೆ ಹೊಟ್ಟೆ ಉರಿದುಕೊಂಡು ಕೂತಿದ್ದರು. ಅವರಿಗೂ ಆ ಕುದುರೆ ಸೋಲುವುದೇ ಬೇಕಿತ್ತು. ಅದು ಗೊತ್ತಾದಾಗ ಮೊದಲು ನಗು ಬಂತು. ಮರುಗಳಿಗೆಗೆ ಅದೂ ಸಹಿಸಲಾಗಲಿಲ್ಲ. ಅವರ ಬೇಡಿಕೆಯೆಂದರೆ ದೇವರು ಬೇಗ ಕಿವಿಗೆ ಹಾಕಿಕೊಳ್ಳುತ್ತಾನಲ್ಲ. ಕುದುರೆ ಸೋತರೆ ಅದು ಅವರ ಪ್ರಾರ್ಥನೆಗೆ ಸೋತದ್ದಾಗಬಾರದು, ನನ್ನದಕ್ಕೇ ಆಗಬೇಕು ಎಂದು ಕೂತಲ್ಲೇ ಇನ್ನೊಂದು ಸಲ ಕೈಮುಗಿದೆ.

"ಯಾರಿಗೆ ರೀ ಕೈಮುಗಿಯೋದು?" ಎಂದರು ಮೇಲಿನಿಂದ.

"ಸೂರ್ಯನಿಗೆ."

ಕತ್ತಲಾಗುವ ಹೊತ್ತಿಗೆ ಇಬ್ಬರೂ ಬಂದರು. ಬರುವ ದಾರಿಯಲ್ಲಿ ಮಾತು ಕೇಳಲಿಲ್ಲ. ಗೆದ್ದ ದಿನ ಬಸ್ ಸ್ಟಾಪಿನಿಂದಲೇ ಅವರ ಗದ್ದಲ ಕೇಳುತ್ತಿತ್ತು. ನಮ್ಮವರು ಒಳಗೆ ಬಂದು ಷೂ ಬಿಚ್ಚಿದರು. ಅದಕ್ಕೆ ಕೆಸರು ಮೆತ್ತಿತ್ತು.

"ಏನಾಯ್ತು ರೀ?"

"ಏನಾಗೋದು. ಕೊನೇ ತಿರುವಿನವರೆಗೂ ಮುಂದೇ ಇತ್ತು. ನಾನೂ ಮೇಲಿನವ್ರೂ ಕೂಗಿ ಕೂಗಿ ಗಂಟಲು ಹೋಯ್ತು. ಆಮೇಲೆ ಏನಾಯ್ತೋ, ಕಾಲೇ ಕಿತ್ತಿಡಲಿಲ್ಲ. ಎಲ್ಲವೂ ದಾಟ್ಕೊಂಡು ಹೋದ್ವು. ಎಲ್ಲಕ್ಕಿಂತ ಹಿಂದೆ ಬಂತು."

"ಎಲ್ಲಕ್ಕಿಂತ ಹಿಂದೆಯಾ?"

"ಕಡೇದು. ಅದರ ಹಿಂದೆ ಬರೀ ಧೂಳು. ಧೂಳೂ ಇಲ್ಲ, ಕೆಸರು." ಅವರು ಗೋಡೆಗೆ ಒರಗಿ ಕೂತರು. "ನಿನ್ನ ದೇವ್ರು ನನ್ನ ಕೈಬಿಟ್ಟ ಕಣೆ."

ನಾನು ದೇವರ ಗೂಡಿನ ಕಡೆ ನೋಡಿದೆ. ಇನ್ನೂ ನೋಡುತ್ತಿದ್ದರೆ ಅತ್ತುಬಿಡುತ್ತೇನೆ ಎನಿಸಿ ಮುಖ ತಿರುಗಿಸಿಕೊಂಡೆ. ಮೊದಲಾಗುವ ಕುದುರೆಯನ್ನು ದೇವರು ಹಿಡಿದು ಹಿಡಿದು ಕಡೆಗೆ ನಿಲ್ಲಿಸಿದ್ದ. ಎರಡನೆಯದೋ ಮೂರನೆಯದೋ ಬಂದಿದ್ದರೂ ನನಗೆ ಒಂದಿಷ್ಟು ಅನುಮಾನ ಉಳಿಯುತ್ತಿತ್ತು. ಅದಕ್ಕೂ ಎಡೆ ಕೊಡಲಿಲ್ಲ.

"ನಿಮಗೆ ಮೊದಲೇ ಹೇಳಿದ್ದೆ," ಎಂದೆ. "ನಮ್ಮ ದೇವ್ರಿಗೆ ಕುದುರೆ ಗಿದುರೆ ಗೊತ್ತಾಗಲ್ಲ ಅಂತ."

ಮೆಟ್ಟಿಲು ಹತ್ತಿ ಸುದ್ದಿ ಆಗಲೇ ಮೇಲಕ್ಕೆ ತಲುಪಿತ್ತು. ಬಾಲ್ಕನಿಯಿಂದ ಮೇಲಿನವರ ಧ್ವನಿ ಬಂತು. ಎಷ್ಟು ಮೃದುವಾಗಿತ್ತೆಂದರೆ, ಅವರು ನನ್ನೊಡನೆ ಅಷ್ಟು ಪ್ರೀತಿಯಿಂದ ಎಂದೂ ಮಾತಾಡಿರಲಿಲ್ಲ.

"ಬೇಜಾರು ಮಾಡ್ಕೋಬೇಡಿ ರೀ. ಎಲ್ಲರಿಗೂ ಹೂ ಒಲಿಯಲ್ಲ. ಬರೋ ಶುಕ್ರವಾರದ ಹೊತ್ತಿಗೆ ನಾನು ಒಳಗೆ ಬಂದಿರ್ತೀನಿ. ನಿಮ್ಮ ಯಜಮಾನ್ರನ್ನ ಕಳಿಸಿ, ನಾನೇ ಕೇಳ್ತೀನಿ."

"ಆಗಲಿ ರೀ, ಕಳಿಸ್ತೀನಿ."

ಮಗು ಹುಟ್ಟಿದ್ದು ಆಮೇಲೆ ಎರಡು ಬೇಸಿಗೆ ಕಳೆದ ಮೇಲೆ. ಹೆಣ್ಣುಮಗು. ಮೇಲಿನವರು ಬೆಳ್ಳಿಯ ಕಾಲ್ಗೆಜ್ಜೆ ತಂದು, ನಾನು ನಿಮಗೋಸ್ಕರ ಹರಕೆ ಹೊತ್ತಿದ್ದೆ, ಅದಕ್ಕೇ ಆದದ್ದು ಎಂದರು. ಇಷ್ಟು ವರ್ಷವಾದರೂ ಆ ಮಾತು ನೆನಪಾದರೆ ನನಗೆ ಮೈ ಉರಿಯುತ್ತದೆ. ಗೆಜ್ಜೆ ಮಾತ್ರ ಚೆನ್ನಾಗಿತ್ತು. ಮಗುವಿಗೆ ಹಾಕಿದೆ. ಹೂವಿನ ವಿಷಯ ಅವರಿಗೂ ಹೇಳಲಿಲ್ಲ, ನಮ್ಮವರಿಗೂ ಹೇಳಲಿಲ್ಲ. ಹೇಳಿದ್ದರೆ ಅದರಲ್ಲೂ ಅವರದೊಂದು ಪಾಲು ತೆಗೆಯುತ್ತಿದ್ದರು.

ಆದರೆ ಆ ಭಾನುವಾರ ಸಂಜೆ ಇದೊಂದೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು, ಕುದುರೆ ಕಡೆಯದಾಗಿ ಬಂತು ಎಂಬುದಷ್ಟೇ. ಸೋತವರ ಹಾಗೆ ಮುಖ ಮಾಡಿಕೊಂಡಿರಬೇಕಾದದ್ದು ಕಷ್ಟವಾಯಿತು. ನಮ್ಮವರು ಗೋಡೆಗೆ ಒರಗಿದವರು ಹಾಗೇ ಕಣ್ಣು ಮುಚ್ಚಿದ್ದರು. ಅವರಿಗೆ ರಜಾಯಿ ಹೊದಿಸಿದೆ. ನಾಳೆ ಸೋಮವಾರ, ಅವರಿಗೆ ಇಷ್ಟವೆಂದು ಇಡ್ಲಿಗೆ ನೆನೆಹಾಕಿದ್ದ ಉದ್ದು ಅಡುಗೆಮನೆಯಲ್ಲಿ ಉಬ್ಬಿ ಕೂತಿತ್ತು. ಚಳಿಯಲ್ಲಿ ಹಿಟ್ಟು ಹುಳಿಬರುವುದು ನಿಧಾನ, ಬೇಗ ರುಬ್ಬಿ ಬೆಚ್ಚಗೆ ಮುಚ್ಚಿಡಬೇಕು. ರುಬ್ಬುವ ಕಲ್ಲು ತೊಳೆದು, ಉದ್ದಿನ ನೀರು ಬಸಿದು, ಮೊದಲ ಹಿಡಿ ಹಾಕಿ ಗುಂಡು ತಿರುಗಿಸತೊಡಗಿದೆ.